ಅಮ್ಮನ ನೋಟ್‌ಬುಕ್ಕಿನ ಚುಕ್ಕೆಗಳು

ಅಮ್ಮನ ಹತ್ತಿರ ನೂರು ಪುಟದ ಒಂದು ನೋಟ್‌ಬುಕ್ ಇದೆ. ರಟ್ಟಿನ ಮೇಲೆ ಅವಳದೇ ಅಕ್ಷರದಲ್ಲಿ ‘ರಕ್ತ’ ಅಂತ ಬರೆದಿದೆ. ಒಳಗೆ ಸ್ಕೇಲಿಟ್ಟು ಎಳೆದ ಮೂರು ಕಾಲಂ: ತಾರೀಕು, ಐಎನ್‌ಆರ್, ಮಾತ್ರೆ.

2019ರಲ್ಲಿ ಅಮ್ಮನ ಹೃದಯದ ಒಂದು ಕವಾಟ ಬದಲಾಯಿಸಿದರು. ಚಿಕ್ಕವಳಿದ್ದಾಗ ಬಂದಿದ್ದ ರುಮ್ಯಾಟಿಕ್ ಜ್ವರ ಆ ಕವಾಟವನ್ನು ಹಾಳು ಮಾಡಿತ್ತು. ಲೋಹದ ಕವಾಟ ಹಾಕಿಸಿಕೊಂಡವರು ಜೀವನಪೂರ್ತಿ ವಾರ್ಫರಿನ್ ಥರದ ಮಾತ್ರೆ ತಗೊಳ್ಳಬೇಕು. ನಮ್ಮ ಕಡೆ ಎಲ್ಲರೂ ಅದನ್ನು ‘ರಕ್ತ ತೆಳು ಮಾಡೋ ಮಾತ್ರೆ’ ಅಂತಾರೆ. ನಿಜವಾಗಿ ರಕ್ತ ತೆಳುವಾಗುವುದಿಲ್ಲ. ಹೆಪ್ಪುಗಟ್ಟಲು ಹೆಚ್ಚು ಹೊತ್ತು ಬೇಕಾಗುತ್ತದೆ, ಅಷ್ಟೆ. ಆ ಹೊತ್ತಿನ ಲೆಕ್ಕವೇ ಐಎನ್‌ಆರ್. ಮಾತ್ರೆ ತಗೊಳ್ಳದವರಿಗೆ ಅದು 1ರ ಆಸುಪಾಸು ಇರುತ್ತದೆ. ಅಮ್ಮನಿಗೆ 2.5ರಿಂದ 3.5ರ ಒಳಗೆ ಇರಬೇಕು ಅಂತ ಡಾಕ್ಟರ್ ಬರೆದುಕೊಟ್ಟಿದ್ದರು. ಕಡಿಮೆಯಾದರೆ ಕವಾಟದ ಮೇಲೆ ಹೆಪ್ಪು ಕಟ್ಟುವ ಭಯ. ಜಾಸ್ತಿಯಾದರೆ ರಕ್ತಸ್ರಾವದ ಭಯ.

ಆ ನೋಟ್‌ಬುಕ್ಕಿನ ಮೊದಲ ಪುಟ ಈಗಲೂ ನನಗೆ ಬಾಯಿಪಾಠ. 3 ಮಿಲಿಗ್ರಾಂ ತಗೊಳ್ಳುವಾಗ ಐಎನ್‌ಆರ್ 1.8. ಡೋಸ್ 4ಕ್ಕೆ ಏರಿಸಿದರು. ನಾಲ್ಕು ದಿನ ಬಿಟ್ಟು ನೋಡಿದರೆ 2.1. ಸಾಲದು ಅಂತ 5ಕ್ಕೆ ಏರಿಸಿದರು. ಒಂದು ವಾರಕ್ಕೆ 4.6. ಎಲ್ಲರಿಗೂ ಗಾಬರಿ. ಎರಡು ದಿನ ಮಾತ್ರೆ ನಿಲ್ಲಿಸಿ ಮತ್ತೆ 3ರಿಂದ ಶುರು. ಹತ್ತು ದಿನಕ್ಕೆ 1.9. ಸುತ್ತಿ ಸುತ್ತಿ ಹೊರಟ ಜಾಗಕ್ಕೇ ಬಂದಿದ್ದೆವು. ಯಾರೂ ಅಸಡ್ಡೆ ಮಾಡಿರಲಿಲ್ಲ. ಎಲ್ಲರೂ ಕಾಳಜಿಯಿಂದಲೇ ನೋಡುತ್ತಿದ್ದರು. ಆದರೂ ಅಂಕಿ ಜೋಕಾಲಿಯಾಡುತ್ತಿತ್ತು.

ನಾನು ಫಾರ್ಮಸಿಸ್ಟ್. ಆಸ್ಪತ್ರೆಯ ಔಷಧ ಕೌಂಟರಿನ ಹಿಂದೆ ಹದಿನಾಲ್ಕು ವರ್ಷ ನಿಂತವಳು. ವಾರ್ಫರಿನ್ ಸ್ಟ್ರಿಪ್ ಎಷ್ಟು ಜನರಿಗೆ ಕೊಟ್ಟಿದ್ದೇನೋ ಲೆಕ್ಕ ಇಲ್ಲ. ಆ ಪುಟ ಮಾತ್ರ ನನಗೆ ಅರ್ಥವಾಗಲಿಲ್ಲ. ಯಾಕೆ ಹೀಗೆ ಏರಿತು, ಯಾಕೆ ಹಾಗೆ ಇಳಿಯಿತು ಅಂತ ಅಮ್ಮ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಔಷಧದ ಡೋಸ್, ರಕ್ತದಲ್ಲಿ ಅದರ ಮಟ್ಟ, ಅದು ಮಾಡುವ ಕೆಲಸ. ಈ ಮೂರನ್ನೂ ಜೋಡಿಸುವ ಗಣಿತವನ್ನು ಮೊದಲಿಂದ ಕಲಿಯಬೇಕು ಅನ್ನಿಸಿದ್ದು ಆಗ.

ಕಾಲೇಜಿನಲ್ಲಿ ಓದಿರಲಿಲ್ಲ ಅಂತಲ್ಲ. ಬಿ.ಫಾರ್ಮ್‌ನಲ್ಲಿ ಫಾರ್ಮಕೋಕೈನೆಟಿಕ್ಸ್, ಅಂದರೆ ದೇಹದಲ್ಲಿ ಔಷಧದ ಮಟ್ಟ ಏರಿಳಿಯುವ ಲೆಕ್ಕ, ಇತ್ತು. ಸೆಮಿಲಾಗ್ ಹಾಳೆಯ ಮೇಲೆ ಚುಕ್ಕೆ ಇಟ್ಟು, ಸ್ಕೇಲಿಂದ ಗೆರೆ ಎಳೆದು, ಇಳಿಜಾರು ಕಂಡುಹಿಡಿದು, 0.693ನ್ನು ಅದರಿಂದ ಭಾಗಿಸಿ ಹಾಫ್ ಲೈಫ್ (ಔಷಧ ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು) ಬರೆದು ಮಾರ್ಕ್ಸ್ ತಗೊಂಡಿದ್ದೆ. ಆ 0.693 ಎಲ್ಲಿಂದ ಬಂತು ಅಂತ ನಾನೂ ಕೇಳಲಿಲ್ಲ, ಪಕ್ಕದವಳೂ ಕೇಳಲಿಲ್ಲ.

ಈ ಸಲ ಬಕೆಟ್‌ನಿಂದ ಶುರು ಮಾಡಿದೆ. ಒಂದು ಭಾನುವಾರ, ನಿಜವಾದ ಬಕೆಟ್. ಇಪ್ಪತ್ತು ಲೀಟರ್ ನೀರು ತುಂಬಿಸಿ ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಬಿಟ್ಟೆ. ಎರಡು ಲೀಟರ್ ಹಿಡಿಯುವ ಪಾತ್ರೆಯಿಂದ ನೀಲಿ ನೀರು ಎತ್ತಿ ಚೆಲ್ಲಿ, ಅಷ್ಟೇ ಒಳ್ಳೆ ನೀರು ಸುರಿದು ಕಲಕಿದೆ. ಮತ್ತೆ ಅದೇ. ಪ್ರತಿ ಸಲ ಚೆಲ್ಲುವುದು ಎರಡೇ ಲೀಟರ್. ಆದರೆ ಹೊರಗೆ ಹೋಗುವ ನೀಲಿ ಮಾತ್ರ ಸಲ ಸಲಕ್ಕೂ ಕಡಿಮೆ, ಯಾಕೆಂದರೆ ನೀರಿನ ಬಣ್ಣವೇ ತಿಳಿಯಾಗುತ್ತಾ ಬಂದಿರುತ್ತದೆ. ಪ್ರತಿ ಸಲ ಹತ್ತರಲ್ಲಿ ಒಂದು ಪಾಲು ಹೋಗುತ್ತದೆ. ಲೆಕ್ಕ ಹಾಕಿದರೆ ಆರು ಪಾತ್ರೆ ಮುಗಿದು ಏಳನೆಯದರ ಹೊತ್ತಿಗೆ ಅರ್ಧ ಬಣ್ಣ ಉಳಿಯುತ್ತದೆ. ಸೂತ್ರ ಏನು ಹೇಳುತ್ತೆ ನೋಡಿ: 0.693 ಗುಣಿಸು 20 ಭಾಗಿಸು 2. ಅಂದರೆ 6.93. ನಾನು ತುಂಡು ತುಂಡಾಗಿ ಎತ್ತಿ ಚೆಲ್ಲಿದ್ದಕ್ಕೆ ಉತ್ತರ ಸ್ವಲ್ಪ ಆಚೀಚೆ. ನೀರು ಧಾರೆಯಾಗಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗುತ್ತಿದ್ದರೆ ಸರಿಯಾಗಿ ಅಷ್ಟೇ ಬರುತ್ತದೆ. 0.693 ಅಂದರೆ 2ರ ಸಹಜ ಲಾಗರಿದಮ್. ಇಪ್ಪತ್ತು ವರ್ಷ ಕಂಠಪಾಠ ಇದ್ದದ್ದು ಬಚ್ಚಲಲ್ಲಿ ಅರ್ಥವಾಯಿತು.

ಬಕೆಟ್‌ನ ಗಾತ್ರಕ್ಕೆ ಪುಸ್ತಕದಲ್ಲಿ ‘ವಾಲ್ಯೂಮ್ ಆಫ್ ಡಿಸ್ಟ್ರಿಬ್ಯೂಷನ್’ ಅಂತಾರೆ. ಎತ್ತಿ ಚೆಲ್ಲುವ ಪಾತ್ರೆಗೆ ‘ಕ್ಲಿಯರೆನ್ಸ್’. ಲಿವರ್ರೋ ಕಿಡ್ನಿಯೋ ಗಂಟೆಗೆ ಎಷ್ಟು ಲೀಟರ್ ರಕ್ತದಿಂದ ಔಷಧವನ್ನು ಪೂರ್ತಿ ತೆಗೆಯುತ್ತದೆ ಅನ್ನುವ ಲೆಕ್ಕ ಅದು. ಬಕೆಟ್ ದೊಡ್ಡದಿದ್ದು ಪಾತ್ರೆ ಚಿಕ್ಕದಾದರೆ ಔಷಧ ಬಹಳ ಹೊತ್ತು ನಿಲ್ಲುತ್ತದೆ.

ಇಲ್ಲೇ ನಾನು ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೆ. ಡಿಗಾಕ್ಸಿನ್ ಅನ್ನುವ ಹೃದಯದ ಔಷಧಕ್ಕೆ ಈ ಬಕೆಟ್‌ನ ಗಾತ್ರ ಸುಮಾರು 500 ಲೀಟರ್ ಅಂತ ಪುಸ್ತಕಗಳಲ್ಲಿದೆ. 70 ಕೆಜಿ ಮನುಷ್ಯನ ಒಳಗೆ 500 ಲೀಟರ್ ಹೇಗೆ ಹಿಡಿಯುತ್ತೆ? ಮತ್ತೆ ಬಚ್ಚಲಿಗೆ ಹೋದೆ. ಬಕೆಟ್ ಒಳಗೆ ಒಂದು ಹಳೇ ಬಿಳಿ ಪಂಚೆ ಹಾಕಿ ನೀಲಿ ಬಿಟ್ಟೆ. ನೀಲಿಯೆಲ್ಲ ಬಟ್ಟೆಗೆ ಹಿಡಿಯಿತು, ನೀರು ತಿಳಿಯಾಗಿ ಕಂಡಿತು. ನೀರಿನ ಬಣ್ಣವನ್ನಷ್ಟೇ ನೋಡಿದವರು ಇದು ಭಾರೀ ದೊಡ್ಡ ತೊಟ್ಟಿ ಇರಬೇಕು ಅಂದುಕೊಳ್ಳುತ್ತಾರೆ. ಡಿಗಾಕ್ಸಿನ್ ಕೂಡ ಹಾಗೇ, ಮಾಂಸಖಂಡಗಳಿಗೆ ಹೋಗಿ ಅಂಟಿಕೊಳ್ಳುತ್ತದೆ. ರಕ್ತದಲ್ಲಿ ಉಳಿಯುವುದು ಸ್ವಲ್ಪವೇ. 500 ಲೀಟರ್ ಅನ್ನುವುದು ದೇಹದ ಅಳತೆ ಅಲ್ಲ, ರಕ್ತ ನೋಡಿ ನಾವು ಮಾಡಿದ ಊಹೆಯ ಅಳತೆ.

ದೇಹವನ್ನು ಹೀಗೆ ತೊಟ್ಟಿಗಳ ಥರ ಕಂಡು ಸಮೀಕರಣ ಬರೆದವರಲ್ಲಿ ಮೊದಲಿಗರು ಸ್ವೀಡನ್ನಿನ ಉಪ್ಸಾಲಾದ ಟೋರ್‌ಸ್ಟೆನ್ ಟಿಯೊರೆಲ್. 1937ರಲ್ಲಿ. ಕಂಪ್ಯೂಟರ್ ಇಲ್ಲದ ಕಾಲ. ಅವರು ಬಿಡಿಸಿದ ತೊಟ್ಟಿಗಳ ಚಿತ್ರವನ್ನು ಸ್ವಲ್ಪ ಬದಲಿಸಿ ನಾವು ಇವತ್ತಿಗೂ ಬಿಡಿಸುತ್ತೇವೆ. ಉಪ್ಸಾಲಾ ಈ ಕಥೆಯಲ್ಲಿ ಮತ್ತೆ ಬರುತ್ತದೆ.

ಬಕೆಟ್ ಆದ ಮೇಲೆ ಲ್ಯಾಪ್‌ಟಾಪ್. ‘ಆರ್’ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡರೆ ಅದರ ಜೊತೆಗೇ ಥಿಯೋಫಿಲಿನ್ ಔಷಧದ ಒಂದು ಚಿಕ್ಕ ಪಟ್ಟಿ ಬರುತ್ತದೆ. ಥಿಯೋಫಿಲಿನ್ ಅಂದರೆ ಉಬ್ಬಸಕ್ಕೆ ಕೊಡುವ ಹಳೆಯ ಔಷಧ, ಮೊದಲು ಸಿಕ್ಕಿದ್ದು ಚಹಾ ಎಲೆಯಲ್ಲಿ. ಹನ್ನೆರಡು ಜನರಿಗೆ ಔಷಧ ಕುಡಿಸಿ, ತಲಾ ಹನ್ನೊಂದು ಸಲ ರಕ್ತ ತೆಗೆದು ಅಳೆದ ಅಂಕಿಗಳು. ಒಟ್ಟು 132 ಸಾಲು. ಈ ವಿಷಯ ಕಲಿಯುವವರು ಎಲ್ಲೇ ಇದ್ದರೂ ಹೆಚ್ಚಾಗಿ ಈ 132 ಸಾಲಿನಿಂದಲೇ ಶುರು ಮಾಡುತ್ತಾರೆ.

ಮೊದಲನೆಯ ವ್ಯಕ್ತಿಯ ತೂಕ 79.6 ಕೆಜಿ. ಕಾಲುಗಂಟೆಗೆ ಲೀಟರಿಗೆ 2.84 ಮಿಲಿಗ್ರಾಂ, ಒಂದು ಗಂಟೆ ದಾಟಿದಾಗ 10.5, ಆಮೇಲೆ ನಿಧಾನ ಇಳಿಕೆ. ಹನ್ನೆರಡು ಗಂಟೆಗೆ 5.94. ಮರುದಿನ 3.28. ಆದರೆ ಔಷಧ ಕುಡಿಯುವ ಮೊದಲೇ, ಸೊನ್ನೆ ಗಂಟೆಗೆ, 0.74 ಇದೆ! ಹಿಂದಿನ ದಿನ ಏನಾದರೂ ಸೇವಿಸಿದ್ದರಾ, ಅಳತೆಯಲ್ಲಿ ತಪ್ಪಾ, ಪಟ್ಟಿ ಹೇಳುವುದಿಲ್ಲ. ಪಟ್ಟಿಯ ಮೊದಲ ಸಾಲೇ ಸೂತ್ರಕ್ಕೆ ಹೊಂದುವುದಿಲ್ಲ. ನನಗೆ ಅದು ಬಹಳ ಇಷ್ಟವಾಯಿತು. ಕಾಲೇಜಿನ ಲೆಕ್ಕಗಳಲ್ಲಿ ಚುಕ್ಕೆಗಳೆಲ್ಲ ಗೆರೆಯ ಮೇಲೇ ಕೂತಿರುತ್ತಿದ್ದವು. ಇಲ್ಲಿ ಮನುಷ್ಯರಿದ್ದರು.

ಈ ವ್ಯಕ್ತಿಯ ಕೊನೆಯ ಎರಡು ಅಳತೆ ಹಿಡಿದು ಲೆಕ್ಕ ಹಾಕಿದರೆ ಹಾಫ್ ಲೈಫ್ ಸುಮಾರು 14 ಗಂಟೆ. ಎರಡನೆಯವರದ್ದು 12 ಗಂಟೆಗೆ 3.01, ಮರುದಿನ 0.90. ಅಂದರೆ 7 ಗಂಟೆ. ಕುಡಿದ ಔಷಧ ಹೆಚ್ಚುಕಡಿಮೆ ಅಷ್ಟೇ, ಸುಮಾರು 320 ಮಿಲಿಗ್ರಾಂ. ಒಬ್ಬರ ದೇಹದಲ್ಲಿ ಅರ್ಧ ಖಾಲಿಯಾಗಲು ತಗೊಳ್ಳುವ ಹೊತ್ತು ಇನ್ನೊಬ್ಬರದ್ದಕ್ಕಿಂತ ಎರಡು ಪಟ್ಟು. ಕೌಂಟರಿನಲ್ಲಿ ನಿಂತು ‘ದಿನಕ್ಕೆ ಎರಡು ಸಲ’ ಅಂತ ಕವರಿನ ಮೇಲೆ ಬರೆಯುವಾಗ ನನಗೆ ಈ ಎರಡು ಪಟ್ಟು ಯಾವತ್ತೂ ನೆನಪಿಗೆ ಬಂದಿರಲಿಲ್ಲ.

ಒಂದು ರಾತ್ರಿ ಕಂಪ್ಯೂಟರ್ ಸೂತ್ರದಿಂದ ಎಳೆದ ಗೆರೆ ಆ ಅಳತೆಗಳ ಚುಕ್ಕೆಗಳ ಮೇಲೆ ಅಚ್ಚುಕಟ್ಟಾಗಿ ಕೂತಿತು. ಖುಷಿಯಾಗಿ ಅಂಕಿ ನೋಡಿದೆ. ಔಷಧ ರಕ್ತದಿಂದ ಹೊರಗೆ ಹೋಗುವ ಹಾಫ್ ಲೈಫ್ ಇಪ್ಪತ್ತಮೂರು ನಿಮಿಷ, ಹೊಟ್ಟೆಯಿಂದ ರಕ್ತಕ್ಕೆ ಸೇರುವ ಹಾಫ್ ಲೈಫ್ ಹದಿಮೂರು ಗಂಟೆ ಅಂತ ಬಂದಿತ್ತು. ಪೂರ್ತಿ ಉಲ್ಟಾ. ಹೊಟ್ಟೆಯಿಂದ ರಕ್ತಕ್ಕೆ ಬರುವ ವೇಗ, ರಕ್ತದಿಂದ ಹೊರಹೋಗುವ ವೇಗ, ಇವೆರಡನ್ನು ಅದಲು ಬದಲು ಮಾಡಿ ಬಕೆಟ್‌ನ ಗಾತ್ರವನ್ನೂ ಅದಕ್ಕೆ ತಕ್ಕಂತೆ ಬದಲಿಸಿದರೆ ಅದೇ ಗೆರೆ ಬರುತ್ತದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇರುವುದಿಲ್ಲ. ಇದಕ್ಕೆ ‘ಫ್ಲಿಪ್-ಫ್ಲಾಪ್’ ಅಂತಾರೆ. ಗಣಿತಕ್ಕೆ ಎರಡು ಉತ್ತರವೂ ಸಮ. ಥಿಯೋಫಿಲಿನ್ ಅರ್ಧ ಗಂಟೆಯಲ್ಲಿ ಖಾಲಿಯಾಗುವ ಔಷಧ ಅಲ್ಲ ಅಂತ ಗೊತ್ತಿದ್ದದ್ದು ನನಗೆ, ಕಂಪ್ಯೂಟರಿಗಲ್ಲ. ಕೌಂಟರಿನ ಹದಿನಾಲ್ಕು ವರ್ಷ ಆ ರಾತ್ರಿ ಕೆಲಸಕ್ಕೆ ಬಂತು.

ಇಷ್ಟೆಲ್ಲ ಆದರೂ ಅಮ್ಮನ ಪುಟ ಬಿಡಿಸಲು ಆಗಲಿಲ್ಲ. ಯಾಕೆಂದರೆ ನಾನು ಇಲ್ಲಿಯವರೆಗೆ ಕಲಿತದ್ದು ಡೋಸ್‌ನಿಂದ ರಕ್ತದ ಮಟ್ಟದವರೆಗೆ ಮಾತ್ರ. ಐಎನ್‌ಆರ್ ಔಷಧದ ಮಟ್ಟವಲ್ಲ, ಅದರ ಪರಿಣಾಮ. ಮಟ್ಟದಿಂದ ಪರಿಣಾಮಕ್ಕೆ ಇನ್ನೊಂದು ಸೇತುವೆ ಬೇಕು.

ಎಷ್ಟೋ ಔಷಧಗಳಿಗೆ ಈ ಸೇತುವೆ ಸರಳ. ಮಟ್ಟ ಏರಿದಂತೆ ಪರಿಣಾಮ ಏರುತ್ತದೆ, ಒಂದು ಹಂತ ದಾಟಿದ ಮೇಲೆ ಎಷ್ಟು ಸುರಿದರೂ ಏರುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವ ರೀತಿಗೆ ಎ.ವಿ. ಹಿಲ್ 1910ರಲ್ಲಿ ಬರೆದ ಸಮೀಕರಣವನ್ನೇ ಇದಕ್ಕೂ ಬಳಸುತ್ತಾರೆ. ವಾರ್ಫರಿನ್ ಅಷ್ಟು ಸುಲಭದ್ದಲ್ಲ.

ರಕ್ತ ಹೆಪ್ಪುಗಟ್ಟಲು ಕೆಲವು ಪ್ರೋಟೀನುಗಳು ಬೇಕು. ಅವನ್ನು ಲಿವರ್ ವಿಟಮಿನ್ ಕೆ ಬಳಸಿ ತಯಾರಿಸುತ್ತದೆ. ವಾರ್ಫರಿನ್ ಆ ತಯಾರಿಗೆ ಅಡ್ಡಿ ಮಾಡುತ್ತದೆ, ಅಷ್ಟೆ. ಆಗಲೇ ತಯಾರಾಗಿ ರಕ್ತದಲ್ಲಿ ಓಡಾಡುತ್ತಿರುವ ಪ್ರೋಟೀನನ್ನು ಮುಟ್ಟುವುದಿಲ್ಲ. ತೊಟ್ಟಿಗೆ ಬರುವ ನಲ್ಲಿಯನ್ನು ಸಣ್ಣ ಮಾಡಿದ ಹಾಗೆ. ತೊಟ್ಟಿಯಲ್ಲಿರುವ ನೀರು ಇಳಿಯಲು ಅದರದ್ದೇ ಸಮಯ ಬೇಕು. ಫ್ಯಾಕ್ಟರ್ 7 ಅನ್ನುವ ಪ್ರೋಟೀನ್ ಸುಮಾರು ಆರು ಗಂಟೆಯಲ್ಲಿ ಅರ್ಧವಾಗುತ್ತದೆ. ಪ್ರೋಥ್ರಾಂಬಿನ್ ಅನ್ನುವ ಇನ್ನೊಂದು ಪ್ರೋಟೀನ್ ಅರ್ಧವಾಗಲು ಎರಡೂವರೆ ದಿನ ಬೇಕು. ಹಾಗಾಗಿ ಮೊದಲೆರಡು ದಿನದಲ್ಲಿ ಐಎನ್‌ಆರ್ ಏರಿದರೂ ನಿಜವಾದ ರಕ್ಷಣೆ ಇನ್ನೂ ಬಂದಿರುವುದಿಲ್ಲ. ಶುರುವಿನಲ್ಲಿ ವಾರ್ಫರಿನ್ ಜೊತೆ ಐದು ದಿನವಾದರೂ, ಬೇಗ ಕೆಲಸ ಮಾಡುವ ಹೆಪಾರಿನ್ ಇಂಜೆಕ್ಷನ್ ಕೊಡುವುದು ಇದಕ್ಕೇ. ಎರಡನ್ನೂ ಒಂದೇ ಟ್ರೇಯಲ್ಲಿಟ್ಟು ವಾರ್ಡಿಗೆ ಎಷ್ಟು ಸಲ ಕಳಿಸಿದ್ದೇನೆ!

ಇದರ ಮೇಲೆ ವಾರ್ಫರಿನ್ನಿನದ್ದೇ ಹಾಫ್ ಲೈಫ್ ಸುಮಾರು 40 ಗಂಟೆ. ಡೋಸ್ ಬದಲಿಸಿದರೆ ಹೊಸ ಮಟ್ಟದಲ್ಲಿ ನೆಲೆಗೊಳ್ಳಲು ನಾಲ್ಕೈದು ಹಾಫ್ ಲೈಫ್ ಬೇಕು. ಅಂದರೆ ಒಂದು ವಾರ, ಎಂಟು ದಿನ. ಆ ಮೇಲೆ ಪ್ರೋಟೀನುಗಳ ಇಳಿಕೆ.

ಈಗ ಮತ್ತೆ ಮೊದಲ ಪುಟ ತೆಗೆದೆ. 4ಕ್ಕೆ ಏರಿಸಿ ನಾಲ್ಕು ದಿನಕ್ಕೆ ನೋಡಿದ 2.1 ಇದೆಯಲ್ಲ, ಅದು 4 ಮಿಲಿಗ್ರಾಮಿನ ಉತ್ತರ ಆಗಿರಲಿಲ್ಲ. 3ರಿಂದ 4ಕ್ಕೆ ಹೋಗುವ ದಾರಿಯ ನಡುವೆ ಎಲ್ಲೋ ಒಂದು ಜಾಗ ಅದು. ಆ ಉತ್ತರ ಬರುವ ಮೊದಲೇ 5ಕ್ಕೆ ಏರಿಸಿದ್ದೆವು. ಹಿಂದಿನ ಏರಿಕೆ, ಮುಂದಿನ ಏರಿಕೆ ಎರಡೂ ಒಟ್ಟಿಗೆ ಬಂದು 4.6 ಆಯಿತು. ಕಂಪ್ಯೂಟರಿನಲ್ಲಿ ಆ ಡೋಸ್‌ಗಳನ್ನು ಅದೇ ತಾರೀಕಿಗೆ ಹಾಕಿ ಗೆರೆ ಬಿಡಿಸಿದಾಗ ಅದೇ ಜೋಕಾಲಿ ಪರದೆ ಮೇಲೆ ಬಂತು. ನಾನು ಸುಮ್ನೆ ಕೂತು ನೋಡುತ್ತಿದ್ದೆ. ಐದು ವರ್ಷದ ಹಿಂದೆ ಅಮ್ಮ ಕೇಳಿದ ‘ಯಾಕೆ’ಗೆ ಉತ್ತರ ಅಲ್ಲಿತ್ತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಲೆಕ್ಕ ನೋಡಿ ಅಮ್ಮನ ಡೋಸನ್ನು ನಾನು ಒಂದು ದಿನವೂ ಬದಲಿಸಿಲ್ಲ. ಅದು ಡಾಕ್ಟರ ಕೆಲಸ. ಓದುವವರಲ್ಲಿ ಯಾರಾದರೂ ಈ ಮಾತ್ರೆಯ ಮೇಲಿದ್ದರೆ ನೀವೂ ಬದಲಿಸಬೇಡಿ, ದಯವಿಟ್ಟು.

ಈಗ ಶೈನರ್ ವಿಷಯಕ್ಕೆ ಬರಬೇಕು. ಲೂಯಿಸ್ ಶೈನರ್ ಅಮೆರಿಕದ ವೈದ್ಯರು. ಹೆಚ್ಚು ಕಾಲ ಕೆಲಸ ಮಾಡಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ. ಅವರು 1969ರಲ್ಲೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧದ ಡೋಸನ್ನು ಕಂಪ್ಯೂಟರ್ ಸಹಾಯದಿಂದ ನಿರ್ಧರಿಸುವ ಬಗ್ಗೆ ಬರೆದರು. ಅದು ಗೊತ್ತಾದಾಗ ನನಗೆ ಒಂಥರಾ ಸಮಾಧಾನವಾಯಿತು. ಇಷ್ಟು ದೊಡ್ಡ ವಿದ್ಯೆಯ ಬೇರಿನಲ್ಲೂ ಅಮ್ಮನಂಥವರ ನೋಟ್‌ಬುಕ್ಕೇ ಇತ್ತಲ್ಲ ಅಂತ. ಆಮೇಲೆ ಸ್ಟುವರ್ಟ್ ಬೀಲ್ ಅನ್ನುವ ಸಂಖ್ಯಾಶಾಸ್ತ್ರಜ್ಞರ ಜೊತೆ ಸೇರಿ ಅವರು ‘ನಾನ್‌ಮೆಮ್’ ಅನ್ನುವ ಪ್ರೋಗ್ರಾಮ್ ಬರೆದರು. 1980ರ ಸುಮಾರಿಗೆ ಬಂದದ್ದು ಇವತ್ತಿಗೂ ಬಳಕೆಯಲ್ಲಿದೆ.

ಅವರ ಮುಖ್ಯ ಯೋಚನೆ ಹೀಗೆ. ಒಬ್ಬರಿಂದ ಹನ್ನೊಂದು ಸಲ ರಕ್ತ ತೆಗೆಯುವುದು ಸಂಶೋಧನೆಯಲ್ಲಿ ಮಾತ್ರ ಸಾಧ್ಯ. ನಿಜವಾದ ರೋಗಿಗಳ ಹತ್ತಿರ ಸಿಗುವುದು ಒಂದೋ ಎರಡೋ ಅಳತೆ, ಅದೂ ಹೊತ್ತುಗೊತ್ತಿಲ್ಲದ್ದು. ಅಷ್ಟರಿಂದ ಒಬ್ಬರ ಗೆರೆ ಎಳೆಯಲು ಆಗುವುದಿಲ್ಲ. ಆದರೆ ಅಂಥ ನೂರು ಜನರ ಅಳತೆಗಳನ್ನು ಒಟ್ಟಿಗೆ ಇಟ್ಟರೆ ಎಲ್ಲರಿಗೂ ಸಾಮಾನ್ಯವಾದದ್ದು ಏನು, ಒಬ್ಬರಿಂದ ಒಬ್ಬರಿಗೆ ಎಷ್ಟು ವ್ಯತ್ಯಾಸ, ಎರಡೂ ಸಿಗುತ್ತವೆ. ಅದು ಗೊತ್ತಾದ ಮೇಲೆ ಹೊಸಬರ ಒಂದೆರಡು ಅಳತೆಯಿಂದಲೂ ಅವರ ಬಗ್ಗೆ ಸುಮಾರು ಹೇಳಬಹುದು.

ತೀರ್ಥಹಳ್ಳಿಯಲ್ಲಿ ನಮಗೆ ಬಟ್ಟೆ ಹೊಲಿಯುತ್ತಿದ್ದ ಟೈಲರ್ ನೆನಪಾದರು. ನಾನು ಹಾಸ್ಟೆಲಿನಲ್ಲಿದ್ದಾಗ ಅಮ್ಮ ನನ್ನ ಎದೆಯ ಸುತ್ತಳತೆ ಒಂದನ್ನೇ ಹೇಳಿ ರವಿಕೆ ಹೊಲಿಸಿಟ್ಟಿರುತ್ತಿದ್ದಳು. ಭುಜ, ತೋಳು ಎಲ್ಲ ಸರಿಯಾಗಿ ಕೂರುತ್ತಿತ್ತು. ಅವರಿಗೆ ನನ್ನ ಅಳತೆ ಗೊತ್ತಿರಲಿಲ್ಲ, ಸಾವಿರ ಹುಡುಗಿಯರ ಅಳತೆ ಗೊತ್ತಿತ್ತು. ಅಮ್ಮ ಹೇಳಿದ ಒಂದು ಅಂಕಿಯನ್ನು ಅದರೊಳಗೆ ಇಟ್ಟು ನೋಡುತ್ತಿದ್ದರು.

ವಾರ್ಫರಿನ್ನಿಗೆ ಆ ಸಾವಿರ ಹುಡುಗಿಯರ ಅಳತೆ ಉಪ್ಸಾಲಾದಲ್ಲಿ ಸಿಕ್ಕಿತು. ಟಿಯೊರೆಲ್ ಅವರ ಅದೇ ಊರಿನ ಸಂಶೋಧಕರು 2007ರಲ್ಲಿ ಒಂದು ಗಣಿತದ ಮಾದರಿ ಪ್ರಕಟಿಸಿದ್ದಾರೆ. ವಯಸ್ಸು ಏರಿದಂತೆ ಕ್ಲಿಯರೆನ್ಸ್ ಇಳಿಯುವುದು, ಎರಡು ಜೀನುಗಳಿಂದ ಆಗುವ ವ್ಯತ್ಯಾಸ, ಐಎನ್‌ಆರ್ ನಿಧಾನವಾಗಿ ಹಿಂಬಾಲಿಸುವುದು, ಎಲ್ಲ ಅದರಲ್ಲಿದೆ. 2010ರಲ್ಲಿ ಅದನ್ನೇ ಸರಳಗೊಳಿಸಿ, ರಕ್ತದಲ್ಲಿ ಔಷಧದ ಮಟ್ಟ ಅಳೆಯದೆಯೇ ಡೋಸ್ ಮತ್ತು ಐಎನ್‌ಆರ್ ಇಟ್ಟುಕೊಂಡು ಲೆಕ್ಕ ಮಾಡುವ ರೂಪ ಕೊಟ್ಟರು. ಅಮ್ಮನ ಹತ್ತಿರ ಇರುವುದೂ ಅವೆರಡೇ.

ಒಂದು ವಾರ ಕೂತು ನೋಟ್‌ಬುಕ್ ಟೈಪ್ ಮಾಡಿದೆ. ಐವತ್ತಮೂರು ಐಎನ್‌ಆರ್. ಡೋಸ್ ಬದಲಾದ ಪ್ರತಿ ತಾರೀಕು. ಕೆಲವು ಕಡೆ ಅಕ್ಷರದ ಮೇಲೆ ಸಾಂಬಾರಿನ ಕಲೆ. ಅಮ್ಮ ಪಕ್ಕದಲ್ಲಿ ಕೂತು ಓದಿ ಹೇಳಿದಳು. ಅವಳ ಜೀನುಗಳ ಪರೀಕ್ಷೆ ಮಾಡಿಸಿಲ್ಲ, ಹಾಗಾಗಿ ಅದನ್ನು ಖಾಲಿ ಬಿಟ್ಟೆ. ಅವಳ ಐಎನ್‌ಆರ್‌ಗಳೇ ಗೆರೆಯನ್ನು ತಮ್ಮ ಕಡೆ ಎಳೆದುಕೊಂಡವು. ಗೆರೆ ಹೆಚ್ಚಿನ ಚುಕ್ಕೆಗಳ ಹತ್ತಿರವೇ ಹೋಯಿತು. 2.7 ಅನ್ನುವ ಕಡೆ 2.9 ಇತ್ತು, 3.1 ಅನ್ನುವ ಕಡೆ 2.8.

ಒಂದು ಚುಕ್ಕೆ ಬಿಟ್ಟು. 2022ರ ಮೇ ತಿಂಗಳಿನದ್ದು. ಐದು ತಿಂಗಳಿಂದ ಡೋಸ್ ಬದಲಾಗಿರಲಿಲ್ಲ. ಗೆರೆ 2.9ರಲ್ಲಿ ಶಾಂತವಾಗಿ ಹೋಗುತ್ತಿತ್ತು. ಚುಕ್ಕೆ 5.2ರಲ್ಲಿ ಒಂಟಿಯಾಗಿ ಕೂತಿತ್ತು. ಆಗ ಏನಾಗಿತ್ತು ಅಂತ ನನಗೆ ನೆನಪಿತ್ತು. ಎರಡು ದಿನ ಮಾತ್ರೆ ನಿಲ್ಲಿಸಿದೆವು, ವಿಟಮಿನ್ ಕೆ ಇರುವ ಸೊಪ್ಪು ತಿನ್ನುವುದು ಕಡಿಮೆಯಾಗಿರಬೇಕು ಅಂದುಕೊಂಡೆವು. ಎರಡು ವಾರಕ್ಕೆ ಸರಿಹೋಯಿತು, ಮರೆತೆವು.

ಕಲಿಯುವ ಮೊದಲ ದಿನಗಳಾಗಿದ್ದರೆ ಆ ಚುಕ್ಕೆಯನ್ನು ತೆಗೆದುಹಾಕುತ್ತಿದ್ದೆನೋ ಏನೋ. ಆದರೆ ಉಳಿದ ಐವತ್ತೆರಡು ಇಷ್ಟು ಚೆನ್ನಾಗಿ ಹೊಂದಿರುವಾಗ ಇದೊಂದು ಮಾತ್ರ ಯಾಕೆ ದೂರ? ಅಮ್ಮನನ್ನು ಕೇಳಿದೆ.

“ಆ ಮೇ ತಿಂಗಳಲ್ಲಿ ಏನಾಗಿತ್ತಮ್ಮಾ? ಸ್ವಲ್ಪ ನೆನಪು ಮಾಡ್ಕೋ.”

“ಸಾಗರದ ಮದುವೆ ಇತ್ತಲ್ಲ ಮಾರಾಯ್ತಿ. ಬಂದ ಮೇಲೆ ಹೊಟ್ಟೆ ಕೆಟ್ಟಿತ್ತು ನಂಗೆ.”

“ಮಾತ್ರೆ ತಗೊಂಡಿದ್ಯಾ?”

“ಮೆಡಿಕಲ್‌ನಲ್ಲಿ ಕೇಳಿ ತಂದಿದ್ರು ನಿನ್ನ ಅಪ್ಪ. ನಾಕೈದು ದಿನ ತಗೊಂಡೆ. ಅದೆಲ್ಲ ಬರೆದಿಡೋಕಾಗತ್ತಾ?”

ಅಮ್ಮ ಏನನ್ನೂ ಎಸೆಯುವವಳಲ್ಲ. ಹಳೇ ಬಿಸ್ಕತ್ತಿನ ಡಬ್ಬಿ ತಂದಳು. ತಲೆನೋವಿನ ಮುಲಾಮು, ಅರ್ಧ ಮುಗಿದ ಕೆಮ್ಮಿನ ಸಿರಪ್, ಕತ್ತರಿಸಿದ ಸ್ಟ್ರಿಪ್‌ಗಳು. ಅಡಿಯಲ್ಲಿ ಸಿಕ್ಕಿತು: ಮೆಟ್ರೋನಿಡಜೋಲ್ 400. ಎರಡೇ ಗುಳಿಗೆ ಉಳಿದಿದ್ದವು.

ಮೆಟ್ರೋನಿಡಜೋಲ್ ವಾರ್ಫರಿನ್ನನ್ನು ಲಿವರ್ ಕರಗಿಸುವ ಕೆಲಸವನ್ನು ನಿಧಾನ ಮಾಡುತ್ತದೆ. ನಮ್ಮ ಪುಸ್ತಕಗಳಲ್ಲಿ ದಪ್ಪ ಅಕ್ಷರದಲ್ಲಿ ಇರುವ ವಿಷಯ. ಬಕೆಟ್ ಅದೇ, ಸುರಿಯುವ ಔಷಧ ಅಷ್ಟೇ, ಎತ್ತಿ ಚೆಲ್ಲುವ ಪಾತ್ರೆ ಮಾತ್ರ ಚಿಕ್ಕದಾಗಿತ್ತು. ಆ ಐದು ದಿನಕ್ಕೆ ಕ್ಲಿಯರೆನ್ಸ್ ಕಡಿಮೆ ಮಾಡಿ ಮತ್ತೆ ಗೆರೆ ಬಿಡಿಸಿದೆ. ಗೆರೆ ಎದ್ದು ಆ ಚುಕ್ಕೆಯ ಹತ್ತಿರಕ್ಕೆ ಹೋಗಿ ಮತ್ತೆ ಇಳಿಯಿತು. ಇದು ಸಾಕ್ಷಿ ಅಲ್ಲ. ಊಟ ಸೇರದೆ ಇದ್ದದ್ದೂ ಕಾರಣ ಇರಬಹುದು, ಎರಡೂ ಸೇರಿರಬಹುದು. ಆದರೆ ನನ್ನ ಕೈ ನಡುಗುತ್ತಿತ್ತು. 5.2 ಅಂದರೆ ತಲೆಯೊಳಗೆ ರಕ್ತಸ್ರಾವ ಆಗಬಹುದಾದ ಅಂಕಿ. ಅಂಥ ಒಂದು ವಾರ ನಮ್ಮ ಮನೆಯಲ್ಲಿ, ನನ್ನ ಎದುರಿಗೇ ಕಳೆದುಹೋಗಿತ್ತು. ನಾನು ಸೊಪ್ಪಿನ ಬಗ್ಗೆ ಮಾತಾಡುತ್ತಿದ್ದೆ.

ಸ್ಟ್ರಿಪ್ ಹಿಡಿದು ಕೂತಿದ್ದ ನನ್ನನ್ನು ನೋಡಿ ಅಮ್ಮ ಏನೂ ಹೇಳಲಿಲ್ಲ. ಸ್ಕೇಲು ತಂದಳು. ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಮೂರು ಗೆರೆಯ ಪಕ್ಕ ನಾಲ್ಕನೆಯದು ಎಳೆದು, ಮೇಲೆ ‘ಬೇರೆ’ ಅಂತ ಬರೆದಳು.

ಮೊನ್ನೆ ಊರಿಗೆ ಹೋದಾಗ ತೆಗೆದು ನೋಡಿದೆ. ಐಎನ್‌ಆರ್ 2.8. ಮಾತ್ರೆ ಅಷ್ಟೇ. ನಾಲ್ಕನೆಯ ಕಾಲಂನಲ್ಲಿ: ಜೀರಿಗೆ ಕಷಾಯ, ಎರಡು ಸಲ. ಬಸಳೆ ಸಾರು, ಗುರುವಾರ.